ದೇಶಾಂತರವೆಂದರೆ ಎಷ್ಟು ದೂರ?

ಮೈಸೂರಿಗೂ ಮಂಗಳೂರಿಗೂ ಎಷ್ಟು ದೂರವೆಂದು ಕೇಳಿದರೆ, ಅದು ಶಾಲೆಯ ಹುಡುಗನು ಭೂಪಟವನ್ನು ನೋಡಿ ಉತ್ತರ ಹೇಳಬಹುದಾದ ಪ್ರಶ್ನೆಯೆಂದು ಮೊದಲಿಗೆ ತೋರುವುದು. ಆದರೆ ಉತ್ತರ ಹೇಳಹೊರಟವನು ಸ್ವಲ್ಪದರಲ್ಲಿಯೇ ತೊಡಕಿಗೆ ಸಿಕ್ಕುವನು. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳ ಮೇಲೆ ಹೋಗುವ ಹೆದ್ದಾರಿಯಲ್ಲಿ ಅದು ಸುಮಾರು 250 ಕಿಲೋಮೀಟರು. ಮೈಸೂರಿನ ಮಂಡಕಳ್ಳಿಯ ವಿಮಾನನಿಲ್ದಾಣದಿಂದ ಮಂಗಳೂರಿನ ಬಜಪೆಯ ವಿಮಾನನಿಲ್ದಾಣಕ್ಕೆ ನೇರವಾಗಿ ಗೆರೆಯೆಳೆದರೆ ಸುಮಾರು 208 ಕಿಲೋಮೀಟರು. ಕಾಲದಿಂದ ಅಳೆಯುವವನು ಮೋಟಾರಿನಲ್ಲಿ ಆರು ಗಂಟೆಯೆಂದೂ ವಿಮಾನದಲ್ಲಿ ಒಂದು ಗಂಟೆಯೆಂದೂ ಹೇಳುವನು. ನಮ್ಮ ಮುತ್ತಜ್ಜಂದಿರನ್ನು ಕೇಳಬಹುದಾಗಿದ್ದರೆ, ಎತ್ತಿನ ಗಾಡಿಯಲ್ಲಿ ಹತ್ತು ದಿನವೆಂದು ಹೇಳುತ್ತಿದ್ದರೋ ಏನೋ. ಇವುಗಳಲ್ಲಿ ನಿಜವಾದ ದೂರ ಯಾವುದು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮನುಷ್ಯನು ಮಾಡಬೇಕಾದದ್ದನ್ನು ಮಾಡದೆ ಹೋದಾಗ ಹೇಳಿಕೊಳ್ಳುವ ಸಮಾಧಾನಗಳಲ್ಲಿ 'ಊರು ದೂರವಾಯಿತು' ಎಂಬುದು ಬಹು ಹಳೆಯದು. ತಂದೆತಾಯಿಗಳನ್ನು ನೋಡಲು ಹೋಗದವನು ಇದನ್ನೇ ಹೇಳುತ್ತಾನೆ. ರೋಗಿಯಾದ ಸ್ನೇಹಿತನನ್ನು ವಿಚಾರಿಸದವನೂ ಇದನ್ನೇ ಹೇಳುತ್ತಾನೆ. ಹಿಂದೆ ಈ ಮಾತಿನಲ್ಲಿ ಸತ್ಯವಿತ್ತು. ಈಗಲೂ ಇದೆಯೆ? ಇದ್ದರೆ ಎಷ್ಟರಮಟ್ಟಿಗೆ? ದೂರವೆಂದರೇನೆಂಬುದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ.

ಮೊದಲು ಆಕಾಶಮಾರ್ಗದ ಲೆಕ್ಕವನ್ನು ನೋಡೋಣ. ಭೂಮಿಯು ಗೋಳಾಕಾರವಾದದ್ದರಿಂದ ಎರಡು ಸ್ಥಳಗಳ ನಡುವಣ ಅತ್ಯಂತ ಹ್ರಸ್ವವಾದ ದಾರಿಯು ನಿಜಕ್ಕೂ ಸರಳರೇಖೆಯಲ್ಲ, ಗೋಳದ ಮೇಲಣ ಚಾಪ. ವಿಮಾನ ನಡೆಸುವವರು ಇದನ್ನು ನಾವಿಕರ ಮೈಲಿಯಿಂದ ಅಳೆಯುತ್ತಾರೆ. ಆ ಮೈಲಿಗೆ 1,852 ಮೀಟರು. ಅಕ್ಷಾಂಶದ ಒಂದು ಅಂಶವನ್ನು ಅರವತ್ತು ಭಾಗ ಮಾಡಿದರೆ ಬರುವ ಒಂದು ಭಾಗದ ಉದ್ದವೇ ಅದಕ್ಕೆ ಮೂಲ. ನಮ್ಮ ಜ್ಯೋತಿಷಗ್ರಂಥಗಳಲ್ಲಿ 'ಕಲೆ' ಎಂದು ಕರೆಯುವುದು ಈ ಅರವತ್ತನೆಯ ಭಾಗವನ್ನೇ. ಹೀಗೆ ನೋಡಿದರೆ ಮಂಡಕಳ್ಳಿಗೂ ಬಜಪೆಗೂ ನಡುವೆ ಇರುವುದು ಸುಮಾರು 112 ಕಲೆಗಳು ಮಾತ್ರ. ಇಂಥ ಕಿರುದಾರಿಗಳಲ್ಲಿ ಸಾಮಾನ್ಯವಾಗಿ ಹಾರುವ, ಎಪ್ಪತ್ತು ಜನ ಕೂಡಬಹುದಾದ ಎಟಿಆರ್ ಎಂಬ ಜಾತಿಯ ವಿಮಾನವು ಗಂಟೆಗೆ ಸುಮಾರು 500 ಕಿಲೋಮೀಟರು ಓಡಬಲ್ಲುದು. ತ್ರೈರಾಶಿಯನ್ನು ಮಾಡಿದರೆ 25 ನಿಮಿಷದ ದಾರಿ.

ಆದರೆ ತ್ರೈರಾಶಿಯು ಹೇಳಿದಷ್ಟಕ್ಕೆ ಪ್ರಯಾಣ ಮುಗಿಯುವುದಿಲ್ಲ. ವಿಮಾನವು ನಿಂತ ಎಡೆಯಿಂದ ಹೊರಟು ಓಟದ ಹಾದಿಯನ್ನು ಸೇರಬೇಕು, ಮೇಲೇರಬೇಕು, ಗಾಳಿಯ ದಿಕ್ಕನ್ನು ನೋಡಿ ಸುತ್ತಿಕೊಂಡು ಇಳಿಯಬೇಕು, ಇಳಿದ ಮೇಲೆ ತನ್ನ ತಾಣಕ್ಕೆ ಬಂದು ನಿಲ್ಲಬೇಕು. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಇವೆಲ್ಲವನ್ನೂ ಕೂಡಿಸಿಕೊಂಡ ಕಾಲ. ಆದುದರಿಂದಲೇ 25 ನಿಮಿಷವು ಸುಮಾರು ಒಂದು ಗಂಟೆಯಾಗುತ್ತದೆ. ಅದೂ ನಿಲ್ದಾಣದಿಂದ ನಿಲ್ದಾಣಕ್ಕೆ. ಮನುಷ್ಯನು ನಿಲ್ದಾಣದಲ್ಲಿ ವಾಸಿಸುವವನಲ್ಲ. ಮೈಸೂರಿನ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು ಹೋಗಬೇಕು, ಹೊರಡುವುದಕ್ಕೆ ಗಂಟೆಗಿಂತ ಮೊದಲೇ ಅಲ್ಲಿರಬೇಕು, ತಪಾಸಣೆಗೆ ಮೈಯೊಡ್ಡಬೇಕು, ಬಜಪೆಯ ಗುಡ್ಡದ ಮೇಲಿಳಿದು ಪೆಟ್ಟಿಗೆಗಾಗಿ ಕಾದು, ಅಲ್ಲಿಂದ ಅಷ್ಟೇ ದೂರ ಪೇಟೆಗೆ ಬರಬೇಕು. ಹೊಸ್ತಿಲಿಂದ ಹೊಸ್ತಿಲಿಗೆ ಎಣಿಸಿದರೆ ಮೂರೂವರೆ ಗಂಟೆಗೆ ಕಡಿಮೆಯಾಗದು. ಈ ಎರಡು ನಿಲ್ದಾಣಗಳ ನಡುವೆ 2020ರ ಡಿಸೆಂಬರಿನಲ್ಲಿ ನೇರ ಹಾರಾಟವೊಂದು ಮೊದಲಾಗಿತ್ತು. ಇಂಥ ಹಾರಾಟಗಳು ಮೊದಲಾಗುವುದೂ ಉಂಟು, ನಿಲ್ಲುವುದೂ ಉಂಟು; ನಮ್ಮ ವಿಚಾರಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲ, ಅಳತೆ. ಒಂದೇ ದಾರಿಗೆ 25 ನಿಮಿಷ, ಒಂದು ಗಂಟೆ, ಮೂರೂವರೆ ಗಂಟೆ ಎಂಬ ಮೂರು ಉತ್ತರಗಳುಂಟು, ಮೂರೂ ಸತ್ಯ. ಯಂತ್ರದ ಸತ್ಯ ಮೊದಲನೆಯದು, ನಿಲ್ದಾಣದ ಸತ್ಯ ಎರಡನೆಯದು, ಮನೆಯವರ ಸತ್ಯ ಮೂರನೆಯದು.

ದೂರದ ಅಳತೆ ಒಂದೇ ಬಗೆಯದಲ್ಲವೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಕಂಡುಕೊಂಡಿದ್ದರು. ಅವರಿಗೆ ಈ ಪ್ರಶ್ನೆ ಎದುರಾದದ್ದು ಆಶೌಚಪ್ರಕರಣದಲ್ಲಿ. ಜ್ಞಾತಿಯೊಬ್ಬನು ತೀರಿಕೊಂಡರೆ ಉಳಿದವರು ಹತ್ತು ದಿನದ ನಿಯಮವನ್ನು ಪಾಲಿಸಬೇಕಷ್ಟೆ. ಸತ್ತವನು ದೇಶಾಂತರದಲ್ಲಿದ್ದು ಸುದ್ದಿಯು ತಡವಾಗಿ ಬಂದರೆ ಏನು ಮಾಡಬೇಕು? ಅಂಥವನಿಗೆ ನಿಯಮವು ಸಡಿಲವಾಗುತ್ತದೆ. ಹಾಗಾದರೆ ದೇಶಾಂತರವೆಂದು ಯಾವುದನ್ನು ಕರೆಯಬೇಕು? ವ್ಯಾಖ್ಯಾನಗಳಲ್ಲಿಯೂ ನಿಬಂಧಗಳಲ್ಲಿಯೂ ಉದ್ಧೃತವಾಗಿರುವ ಸ್ಮೃತಿವಚನಗಳು ಇದಕ್ಕೆ ಮೂರು ಬಗೆಯ ಲಕ್ಷಣವನ್ನು ಹೇಳುತ್ತವೆ. ನಡುವೆ ಮಹಾನದಿಯಿದ್ದರೆ, ಬೆಟ್ಟವು ಅಡ್ಡವಾಗಿದ್ದರೆ, ಜನರ ಮಾತು ಬೇರೆಯಾದರೆ ಅದು ದೇಶಾಂತರವೆಂಬುದು ಒಂದು. ಅರವತ್ತು ಯೋಜನ ದೂರವಾದರೆ ದೇಶಾಂತರ, ಕೆಲವರ ಮತದಲ್ಲಿ ನಲವತ್ತು, ಇನ್ನು ಕೆಲವರ ಮತದಲ್ಲಿ ಮೂವತ್ತು ಎಂಬುದು ಇನ್ನೊಂದು. ಹತ್ತು ರಾತ್ರಿಗಳೊಳಗೆ ಎಲ್ಲಿಂದ ವಾರ್ತೆಯು ಬಂದು ಕಿವಿಗೆ ಬೀಳುವುದಿಲ್ಲವೋ ಅದು ದೇಶಾಂತರವೆಂಬುದು ಮತ್ತೊಂದು.

ಈ ಮೂರು ಅಳತೆಗಳನ್ನು ನಮ್ಮ ಎರಡು ಊರುಗಳಿಗೆ ಹಿಡಿದು ನೋಡಿದರೆ ಬಹು ಸ್ವಾರಸ್ಯವಾದ ಫಲ ಬರುತ್ತದೆ. ಮೊದಲನೆಯ ಲಕ್ಷಣದಂತೆ ಮಂಗಳೂರು ಮೈಸೂರಿಗೆ ನಿಸ್ಸಂದೇಹವಾಗಿ ದೇಶಾಂತರ. ಕುಶಾಲನಗರದ ಬಳಿ ಕಾವೇರಿಯನ್ನು ದಾಟಬೇಕು. ಮುಂದೆ ಸಹ್ಯಾದ್ರಿ ಅಡ್ಡವಾಗಿ ನಿಂತಿದೆ. ಮಡಿಕೇರಿಯಲ್ಲಿ ಕೊಡವರ ನುಡಿ, ಸುಳ್ಯದ ಕಡೆ ಅರೆಭಾಷೆ, ಪುತ್ತೂರಿನಿಂದಾಚೆಗೆ ತುಳು, ಮಂಗಳೂರಿನಲ್ಲಿ ತುಳುವಿನ ಜೊತೆಗೆ ಕೊಂಕಣಿ ಬ್ಯಾರಿಗಳು. ಎರಡನೆಯ ಲಕ್ಷಣಕ್ಕೆ ಯೋಜನವೆಂದರೆ ಎಷ್ಟೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಭೂವ್ಯಾಸವು 1,050 ಯೋಜನವೆಂದು ಆರ್ಯಭಟನೂ 1,600 ಯೋಜನವೆಂದು ಸೂರ್ಯಸಿದ್ಧಾಂತವೂ ಹೇಳುತ್ತವೆ. ಇಂದು ಗೊತ್ತಾಗಿರುವ ಸುಮಾರು 12,740 ಕಿಲೋಮೀಟರನ್ನು ಇವುಗಳಿಂದ ಭಾಗಿಸಿದರೆ, ಆರ್ಯಭಟನ ಯೋಜನಕ್ಕೆ ಸುಮಾರು 12 ಕಿಲೋಮೀಟರೂ ಸೂರ್ಯಸಿದ್ಧಾಂತದ ಯೋಜನಕ್ಕೆ ಸುಮಾರು 8 ಕಿಲೋಮೀಟರೂ ಬರುತ್ತದೆ. ಆಕಾಶಮಾರ್ಗದ 208 ಕಿಲೋಮೀಟರು ಮೊದಲನೆಯ ಲೆಕ್ಕದಲ್ಲಿ 17 ಯೋಜನ, ಎರಡನೆಯದರಲ್ಲಿ 26. ಎರಡರಲ್ಲಿಯೂ ಮೂವತ್ತನ್ನು ಮುಟ್ಟಲಿಲ್ಲ, ಆದುದರಿಂದ ದೇಶಾಂತರವಲ್ಲ. ಆದರೆ ಭೂಮಾರ್ಗದ 250 ಕಿಲೋಮೀಟರನ್ನು ಚಿಕ್ಕ ಯೋಜನದಿಂದ ಅಳೆದರೆ 31 ಯೋಜನವಾಗಿ ಮೂವತ್ತನ್ನು ದಾಟಿಬಿಡುತ್ತದೆ! ಹಕ್ಕಿಗೆ ಸ್ವದೇಶವಾದದ್ದು ನಡೆಯುವವನಿಗೆ ದೇಶಾಂತರವಾಯಿತು. ಮೂರನೆಯ ಲಕ್ಷಣದಲ್ಲಿ ಆದ ಬದಲಾವಣೆ ಎಲ್ಲಕ್ಕಿಂತಲೂ ದೊಡ್ಡದು. ಗಾಡಿಯು ದಿನಕ್ಕೆ ಹದಿನೈದು ಮೈಲಿ ಸಾಗಿತೆಂದಿಟ್ಟುಕೊಂಡರೆ ಈ ದಾರಿಗೆ ಹತ್ತು ದಿನ ಹಿಡಿಯುವುದು; ಹತ್ತು ರಾತ್ರಿಗಳ ಗೆರೆಯ ಮೇಲೆಯೇ ನಿಂತ ಊರು ಇದು. ಇಂದು ಮಂಗಳೂರಿನ ಸುದ್ದಿ ಮೈಸೂರಿಗೆ ಕ್ಷಣಮಾತ್ರದಲ್ಲಿ ಬರುತ್ತದೆ. ಈ ಲಕ್ಷಣದಂತೆ ಇಂದು ಲೋಕದಲ್ಲಿ ದೇಶಾಂತರವೆಂಬುದೇ ಉಳಿದಿಲ್ಲವೆಂದರೂ ಸಲ್ಲುವುದು.

ಇಷ್ಟೊಂದು ಮತಭೇದವೇಕೆಂದು ಯಾರಾದರೂ ಹಾಸ್ಯಮಾಡಬಹುದು. ಆದರೆ ನೋಡಿದರೆ ಇದರೊಳಗೆ ಒಂದು ವಿವೇಕವಿದೆ. ದೂರವು ನೆಲದ ಗುಣವಲ್ಲ. ನೆಲಕ್ಕೂ ಅದನ್ನು ದಾಟಬೇಕಾದ ಮನುಷ್ಯನ ಶಕ್ತಿಗೂ ಇರುವ ಸಂಬಂಧ. ಆ ಶಕ್ತಿಯನ್ನು ನದಿಯೂ ಬೆಟ್ಟವೂ ತಡೆಯಬಹುದು, ಯೋಜನಗಳು ಕುಗ್ಗಿಸಬಹುದು, ಸುದ್ದಿಯೇ ತಿಳಿಯದಿರುವುದು ನಿಷ್ಫಲಗೊಳಿಸಬಹುದು. ತಿಳಿಯಲಾರದವನನ್ನೂ ತಲುಪಲಾರದವನನ್ನೂ ಶಾಸ್ತ್ರವು ಹಿಂಸಿಸಬಾರದು ಎಂಬ ದಯೆಯೇ ಈ ವಿನಾಯಿತಿಗೆ ಮೂಲವೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಅದರ ಇನ್ನೊಂದು ಮಗ್ಗುಲನ್ನೂ ನಾವು ಒಪ್ಪಬೇಕಾಗುತ್ತದೆ. ನಿಮಿತ್ತವು ಹೋದರೆ ನೈಮಿತ್ತಿಕವೂ ಹೋಗುವುದೆಂಬುದು ಪಾಠಶಾಲೆಯ ಹುಡುಗರಿಗೂ ತಿಳಿದ ನ್ಯಾಯ. ದೂರವೆಂಬ ಕಾರಣಕ್ಕೆ ದೊರೆತ ವಿನಾಯಿತಿಯು ದೂರವು ಹೋದ ಮೇಲೆ ನಿಲ್ಲಲಾರದು. ದಾರಿಯು ಕಿರಿದಾದಷ್ಟೂ ಹೊಣೆಯು ಹಿರಿದಾಗುವುದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದಕ್ಕೆ ಬರುವ ಆಕ್ಷೇಪಗಳನ್ನು ಪರಿಶೀಲಿಸದೆ ಸಿದ್ಧಾಂತವೆನ್ನಲಾಗದು.

ಮೊದಲನೆಯ ಆಕ್ಷೇಪವು ಹಿರಿಯರಿಂದ ಬರುವುದು. ವೇಗವೇ ಒಂದು ದೋಷ. ದಾರಿಯನ್ನು ಕಾಣದೆ ಊರನ್ನು ಮುಟ್ಟುವುದು ಪ್ರಯಾಣವೇ ಅಲ್ಲ. ಮೋಡದ ಮೇಲೆ ಹಾರಿಹೋದವನಿಗೆ ಕೊಡಗಿನ ಕಾಫಿಯ ಹೂವೂ ಇಲ್ಲ, ಸಂಪಾಜೆಯ ಹಳ್ಳವೂ ಇಲ್ಲ, ಮಾತು ಮೆಲ್ಲಮೆಲ್ಲನೆ ತುಳುವಾಗಿ ತಿರುಗುವುದನ್ನು ಕೇಳುವ ಸುಖವೂ ಇಲ್ಲ ಎಂದು ಅವರು ಹೇಳುವರು. ಇದರಲ್ಲಿ ಸತ್ಯವಿಲ್ಲದಿಲ್ಲ. ಕಾಳಿದಾಸನ ಯಕ್ಷನು ಮೇಘಕ್ಕೆ ದಾರಿ ಹೇಳುವಾಗ, ಸುತ್ತುದಾರಿಯಾದರೂ ಆಗಲಿ ಉಜ್ಜಯಿನಿಯನ್ನು ನೋಡದೆ ಹೋಗಬೇಡವೆಂದು ಹೇಳಿದನು. ಆದರೆ ಅದೇ ಯಕ್ಷನು ಉಜ್ಜಯಿನಿಯಲ್ಲಿ ರಾತ್ರಿ ಕಳೆದ ಮೇಲೆ ಸೂರ್ಯೋದಯದೊಡನೆ ಹೊರಡಬೇಕೆಂದೂ, ಮಿತ್ರಕಾರ್ಯವನ್ನು ಹೊತ್ತವರು ಸಾವಕಾಶ ಮಾಡುವುದಿಲ್ಲವೆಂದೂ ಹೇಳಿದ್ದನ್ನು ಮರೆಯಬಾರದು. ದಾರಿಯ ಸೊಬಗು ವಿರಾಮವುಳ್ಳವನ ಭಾಗ್ಯ. ಆಸ್ಪತ್ರೆಯಲ್ಲಿ ತಂದೆಯು ಎಣಿಸಿದ ಉಸಿರನ್ನು ಬಿಡುತ್ತಿರುವಾಗ ಘಟ್ಟದ ಸೊಬಗನ್ನು ಯಾರು ನೋಡಿಯಾರು? 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ ಸಂಪಾಜೆಗಳ ನಡುವಣ ರಸ್ತೆ ಕೊಚ್ಚಿಹೋಗಿ ಮುಚ್ಚಿದಾಗ, ಬೆಟ್ಟವು ಅಡ್ಡವಾಗುವುದೆಂಬ ಸ್ಮೃತಿವಚನದ ಅರ್ಥವು ಎರಡು ಕಡೆಯ ಜನಕ್ಕೂ ಚೆನ್ನಾಗಿ ತಿಳಿಯಿತು. ಹಳೆಯ ಕಾಲದ ನಿಧಾನವನ್ನು ನಾವು ಇಂದು ಹೊಗಳುವಾಗ, ಆ ನಿಧಾನದ ದೆಸೆಯಿಂದ ಮಕ್ಕಳ ಮುಖವನ್ನು ನೋಡದೆಯೇ ಕಣ್ಮುಚ್ಚಿದವರನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಆದ್ದರಿಂದ ವೇಗವು ಸ್ವತಃ ದೋಷವಲ್ಲ.

ಎರಡನೆಯ ಆಕ್ಷೇಪವು ಕಿರಿಯರಿಂದ ಬರುವುದು. ಅದು ಆಕ್ಷೇಪದ ರೂಪದಲ್ಲಿ ಬರುವುದಿಲ್ಲವಾದದ್ದರಿಂದ ಹೆಚ್ಚು ಬಲವಾದದ್ದು. 'ಒಂದು ಗಂಟೆಯ ದಾರಿ ತಾನೆ, ಯಾವಾಗ ಬೇಕಾದರೂ ಬರಬಹುದು' ಎಂಬುದೇ ಆ ಮಾತು. ಇಲ್ಲಿ ಶಕ್ಯತೆಯು ಕೃತಿಯ ಸ್ಥಾನವನ್ನು ಆಕ್ರಮಿಸುತ್ತದೆ. ಬರಬಲ್ಲೆನೆಂಬ ತಿಳಿವೇ ಬಂದುಹೋದಂಥ ತೃಪ್ತಿಯನ್ನು ಮನಸ್ಸಿಗೆ ಕೊಟ್ಟುಬಿಡುತ್ತದೆ. ಪ್ರಯಾಣಕ್ಕೆ ದಿನಗಟ್ಟಲೆ ಹಿಡಿಯುತ್ತಿದ್ದಾಗ ಮನೆಯವರೆಲ್ಲ ಕೂತು ಗೊತ್ತುಮಾಡುತ್ತಿದ್ದರು. ಪಂಚಾಂಗ ನೋಡಿ ದಿನವಿಡುತ್ತಿದ್ದರು. ಹಪ್ಪಳ ಸಂಡಿಗೆಗಳ ಡಬ್ಬಿ ತುಂಬುತ್ತಿತ್ತು. ಒಮ್ಮೆ ಹೋದವರು ತಿಂಗಳು ನಿಂತು ಬರುತ್ತಿದ್ದರು. ದೂರವೇ ಹೋಗುವುದನ್ನು ಒಂದು ಸಂಕಲ್ಪವನ್ನಾಗಿ ಮಾಡುತ್ತಿತ್ತು. ಈಗ ಸಂಕಲ್ಪವು ಬೇಕಿಲ್ಲ. ಆದ್ದರಿಂದ ದಿನವೂ ಗೊತ್ತಾಗುವುದಿಲ್ಲ. ಪಂಚಾಂಗದಲ್ಲಿ 'ಯಾವಾಗ ಬೇಕಾದರೂ' ಎಂಬ ತಿಥಿಯಿಲ್ಲವಷ್ಟೆ. ಹೀಗೆ ದಾರಿಯು ಹತ್ತು ದಿನದಿಂದ ಆರು ಗಂಟೆಗೂ, ಆರು ಗಂಟೆಯಿಂದ ಒಂದು ಗಂಟೆಗೂ ಇಳಿಯುತ್ತ ಬಂದಂತೆ, ಎರಡು ಭೇಟಿಗಳ ನಡುವಣ ಅಂತರವು ಹಲವು ಮನೆಗಳಲ್ಲಿ ಹಿಗ್ಗುತ್ತ ಬಂದಿದೆ.

ಬಂದವನಾದರೂ ಹೇಗೆ ಬರುತ್ತಾನೆಂಬುದನ್ನು ವಿಚಾರಿಸಬೇಕು. ಬೆಳಗ್ಗೆ ಹತ್ತಕ್ಕೆ ಬಾಗಿಲಲ್ಲಿ ಕಾಲಿಟ್ಟವನು ಸಂಜೆಯ ವಿಮಾನಕ್ಕೆ ಎರಡು ಗಂಟೆಗೇ ಹೊರಡಬೇಕು. ತಾಯಿಯು ಬಡಿಸುತ್ತಿರುವಾಗ ಅವನ ಕಣ್ಣು ಗಡಿಯಾರದ ಮೇಲಿರುತ್ತದೆ. ರಸ್ತೆಯಲ್ಲಿ ಬಂದಿದ್ದರೆ ಹೋಗಿಬರುವುದಕ್ಕೆ ಹನ್ನೆರಡು ಗಂಟೆಯಾಗುತ್ತಿತ್ತು. ವಿಮಾನದಿಂದ ಏಳು ಗಂಟೆಯಾಯಿತು. ಉಳಿದದ್ದು ಐದು ಗಂಟೆ. ಆ ಐದು ಗಂಟೆ ಯಾರದು? ಪ್ರಯಾಣಿಕನು ತನ್ನದೆಂದು ತಿಳಿಯುತ್ತಾನೆ. ಅವನಿಗೆ ಕೆಲಸ ಕೊಟ್ಟವನು ತನ್ನದೆಂದು ತಿಳಿಯುತ್ತಾನೆ. 'ಒಂದು ಗಂಟೆಯ ದಾರಿಗೆ ಮೂರು ದಿನದ ರಜವೇಕೆ?' ಎಂದು ಕೇಳುವ ಮೇಲಧಿಕಾರಿಯನ್ನು ಎಲ್ಲರೂ ಬಲ್ಲರು. ಹೀಗೆ ವಿಮಾನವು ಉಳಿಸಿದ ಕಾಲವನ್ನು ಕಚೇರಿಯು ಸೆಳೆದುಕೊಂಡರೆ, ಮನೆಗೆ ದಕ್ಕಿದ್ದು ಸೊನ್ನೆ. ನನ್ನ ಅಭಿಪ್ರಾಯದಲ್ಲಿ ಆ ಐದು ಗಂಟೆಯು ಇವರಿಬ್ಬರದೂ ಅಲ್ಲ. ಯಾರ ಸಲುವಾಗಿ ದಾರಿಯನ್ನು ಕಿರಿದುಮಾಡಿದೆವೋ ಅವರ ಸೊತ್ತು ಅದು. ವ್ಯವಹಾರಶಾಸ್ತ್ರದಲ್ಲಿ ನಿಕ್ಷೇಪವೆಂದು ಒಂದು ಪದವಿದೆ. ಒಬ್ಬನು ನಂಬಿ ಇನ್ನೊಬ್ಬನ ಕೈಯಲ್ಲಿಟ್ಟ ಒಡವೆ. ಇಟ್ಟುಕೊಂಡವನು ಅದನ್ನು ಕಾಪಾಡಬಹುದಲ್ಲದೆ ಉಪಭೋಗಿಸಲಾಗದು. ಕೇಳಿದಾಗ ಇದ್ದಂತೆಯೇ ಹಿಂದಕ್ಕೆ ಕೊಡಬೇಕು. ತಾಯಿಯ ಬಳಿಗೆ ಹೋಗುವ ದಾರಿಯಲ್ಲಿ ಉಳಿದ ಕಾಲವು ಇಂಥ ನಿಕ್ಷೇಪ. ಅದನ್ನು ತಾಯಿಯ ಮಗ್ಗುಲಲ್ಲಿ ಕುಳಿತು ಹಿಂದಕ್ಕೆ ಕೊಡತಕ್ಕದ್ದು.

ವೇಗದ ಸದುಪಯೋಗವೆಂದರೆ ಏನೆಂಬುದಕ್ಕೆ ರಾಮಾಯಣದಲ್ಲಿ ಒಂದು ಪ್ರಸಂಗವಿದೆ. ರಾವಣವಧೆಯಾದ ಮೇಲೆ ವಿಭೀಷಣನು ರಾಮನನ್ನು ಕೆಲವು ದಿನ ಲಂಕೆಯಲ್ಲಿ ನಿಂತು ಸತ್ಕಾರವನ್ನು ಸ್ವೀಕರಿಸಬೇಕೆಂದು ಬೇಡಿದನು. ರಾಮನಿಗೆ ಮನಸ್ಸು ನಿಲ್ಲಲಿಲ್ಲ. ಹದಿನಾಲ್ಕು ವರ್ಷ ತುಂಬಿದ ದಿನ ಅಣ್ಣನನ್ನು ಕಾಣದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಭರತನು ಹೇಳಿದ್ದನು. ಅಯೋಧ್ಯೆಯ ದಾರಿಯಾದರೋ ಅತಿ ದುರ್ಗಮ. ಆಗ ವಿಭೀಷಣನು ಒಂದೇ ಹಗಲಿನಲ್ಲಿ ಮುಟ್ಟಿಸುವ ಪುಷ್ಪಕವನ್ನು ತರಿಸಿದನು. ಇಲ್ಲಿ ಗಮನಿಸತಕ್ಕ ಅಂಶಗಳು ಕೆಲವುಂಟು. ರಾಮನು ವಿಮಾನವನ್ನೇರಿದ್ದು ನಡೆದು ಬೇಸತ್ತುದರಿಂದಲ್ಲ, ಕಾದಿರುವವನೊಬ್ಬನ ಪ್ರಾಣಕ್ಕಾಗಿ. ಅಷ್ಟು ಅವಸರವಿದ್ದರೂ ಸೀತೆಯ ಮಾತಿನ ಮೇಲೆ ಕಿಷ್ಕಿಂಧೆಯಲ್ಲಿಳಿದು ವಾನರಸ್ತ್ರೀಯರನ್ನು ಹತ್ತಿಸಿಕೊಂಡನು. ವೇಗದ ಫಲವನ್ನು ಒಬ್ಬನೇ ಉಣ್ಣಲಿಲ್ಲ. ಭರದ್ವಾಜಾಶ್ರಮದಲ್ಲಿ ಇಳಿದಾಗ, ಅವಧಿಯು ಮೀರದಂತೆ ಹನುಮಂತನನ್ನು ಮುಂದಾಗಿ ಭರತನಲ್ಲಿಗೆ ಕಳುಹಿಸಿದನು. ದಾರಿಯುದ್ದಕ್ಕೂ ಕೆಳಗಣ ನೆಲವನ್ನು ಸೀತೆಗೆ ತೋರಿಸುತ್ತ, ಇಲ್ಲಿ ನಿನ್ನನ್ನು ಅರಸಿದೆನು, ಇಲ್ಲಿ ಸುಗ್ರೀವನು ದೊರೆತನು ಎಂದು ಹೇಳುತ್ತ ಬಂದನು. ಕಾಲಿನಿಂದ ನಡೆದ ನೆಲವಾದದ್ದರಿಂದ ಮೇಲಿನಿಂದ ಕಂಡಾಗಲೂ ಅದು ಅವನಿಗೆ ಅಪರಿಚಿತವಾಗಲಿಲ್ಲ. ಮೈಸೂರು ಮಂಗಳೂರುಗಳ ನಡುವೆ ಹಾರುವವನೂ ಬಾಳಿನಲ್ಲಿ ಒಮ್ಮೆಯಾದರೂ ಆ ಘಟ್ಟವನ್ನು ನೆಲದ ಮೇಲೆ ಇಳಿದಿರುವುದು ಒಳ್ಳೆಯದು. ಅಲ್ಲಿ ಬದುಕುವವರು ಮೋಡದಡಿಯ ಹಸುರು ಬಣ್ಣವಲ್ಲ, ಮನುಷ್ಯರೆಂಬುದು ಆಗ ತಿಳಿಯುವುದು.

ಮೂರನೆಯ ಆಕ್ಷೇಪವು ನ್ಯಾಯವಾದದ್ದು. ವಿಮಾನದ ದಾರಿ ಕಿರಿದಾದದ್ದು ಹಣವುಳ್ಳವರಿಗೆ. ಇಲ್ಲದವರಿಗೆ ಘಟ್ಟವು ಇದ್ದಷ್ಟೇ ಇದೆ. ಎಲ್ಲರ ಹೊಣೆಯೂ ಹಿರಿದಾಯಿತೆಂದು ಹೇಗೆ ಹೇಳುವಿರಿ ಎಂದು ಕೇಳಬಹುದು. ಚಿಕ್ಕ ಊರುಗಳನ್ನು ಆಕಾಶಮಾರ್ಗದಿಂದ ಜೋಡಿಸಲು ಭಾರತ ಸರಕಾರವು 2016ರಲ್ಲಿ ಉಡಾನ್ ಎಂಬ ಯೋಜನೆಯನ್ನು ಪ್ರಕಟಿಸಿತು. 2017ರ ಏಪ್ರಿಲ್ 27ರಂದು ಸಿಮ್ಲಾದಿಂದ ದೆಹಲಿಗೆ ಅದರ ಮೊದಲ ವಿಮಾನ ಹಾರಿತು. ಒಂದು ಗಂಟೆಯ, ಎಂದರೆ ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ ಗೊತ್ತಾದಷ್ಟು ಆಸನಗಳ ದರವು 2,500 ರೂಪಾಯಿಯನ್ನು ಮೀರಬಾರದೆಂದು ಅದರಲ್ಲಿ ಕಟ್ಟುಮಾಡಿದರು. ಅದರಿಂದಾಗುವ ನಷ್ಟವನ್ನು ತುಂಬಲು ದೊಡ್ಡ ಮಾರ್ಗಗಳ ಹಾರಾಟಗಳ ಮೇಲೆ ಒಂದು ಸುಂಕವನ್ನು ಹಾಕಿದರು. ಎಂದರೆ ಇಂಥ ಕಿರುದಾರಿಯ ಒಂದು ಗಂಟೆಗೆ ಬೆಲೆ ಕೊಟ್ಟವರು, ಅದರಲ್ಲಿ ಕುಳಿತವರಷ್ಟೇ ಅಲ್ಲ. ನಾವು ಕಾಣದ ಇನ್ನಾರೋ ಪಾಲು ಕೊಟ್ಟಿದ್ದಾರೆ. ಇದರಿಂದ ಎರಡು ಮಾತು ಏರ್ಪಡುತ್ತವೆ. ಶಕ್ತಿಯಿಲ್ಲದವನಿಗೆ ಶಾಸ್ತ್ರದ ದಯೆಯು ಹಿಂದಿನಂತೆಯೇ ಉಂಟು; ಆರು ಗಂಟೆಯ ಬಸ್ಸಿನಲ್ಲಿ ವರ್ಷಕ್ಕೊಮ್ಮೆ ಬಂದವನು ಒಂದು ಗಂಟೆಯ ವಿಮಾನದಲ್ಲಿ ನಾಲ್ಕು ಸಲ ಬಂದವನಿಗೆ ಕಡಿಮೆಯವನಲ್ಲ. ಶಕ್ತಿಯಿದ್ದವನಿಗೆ ಮಾತ್ರ ಹೊಣೆಯು ಇಮ್ಮಡಿಯಾಯಿತು. ತನ್ನವರ ಋಣದ ಜೊತೆಗೆ, ದಾರಿಯನ್ನು ಕಿರಿದುಮಾಡಿಕೊಟ್ಟ ಸಮಾಜದ ಋಣವೂ ಅವನ ಮೇಲೆ ಸೇರಿತು.

ಹೀಗೆ ವಿಚಾರಮಾಡಿದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಎರಡು ನಿಲ್ದಾಣಗಳ ನಡುವಣ ಕಲೆಗಳನ್ನು ಎಣಿಸಿದರೆ ದೊರೆಯುವುದು ವಿಮಾನಕ್ಕೆ ಎಷ್ಟು ದೂರವೆಂಬುದು. ನಮಗೆ ಎಷ್ಟು ದೂರವೆಂಬುದು, ನಮ್ಮ ಶಕ್ತಿಯಿಂದ ಅದನ್ನು ಎಷ್ಟರಮಟ್ಟಿಗೆ ದಾಟಬಹುದಾಗಿದೆಯೋ ಅದರ ಮೇಲೆ ನಿಂತಿದೆ. ದಾಟಬಹುದಾದದ್ದನ್ನು ದಾಟದೆ ಕುಳಿತವನಿಗೆ ಪಕ್ಕದ ಬೀದಿಯೂ ದೇಶಾಂತರ. ಆದರೆ ಅಂಥ ದೇಶಾಂತರಕ್ಕೆ ಯಾವ ಸ್ಮೃತಿಯೂ ವಿನಾಯಿತಿಯನ್ನು ಹೇಳಿಲ್ಲ. ವಿಮಾನಗಳು ಇನ್ನೂ ವೇಗವಾಗಲಿ, ದರಗಳು ಇನ್ನೂ ಇಳಿಯಲಿ, ಅದು ಒಳ್ಳೆಯದೇ. ಆದರೆ ದಾರಿಯು ಪ್ರತಿಯೊಂದು ಸಲ ಕಿರಿದಾದಾಗಲೂ ನಮ್ಮ ನೆಪಗಳ ಗಂಟಿನಿಂದ ಒಂದೊಂದನ್ನು ತೆಗೆದು ಹೊರಗಿಡಬೇಕಾಗುತ್ತದೆಂಬುದನ್ನು ಅರಿತಿರಬೇಕು. 'ಬಿಡುವು ನೋಡಿಕೊಂಡು ಬರುತ್ತೇನೆ' ಎಂದು ಬರೆಯುವ ಬದಲು, ಇಂಥ ಮಾಸದ ಇಂಥ ದಿನ ಬರುತ್ತೇನೆ, ಇಷ್ಟು ದಿನ ಇರುತ್ತೇನೆ ಎಂದು ಬರೆಯುವುದು ಅದಕ್ಕೆ ಮೊದಲ ಹೆಜ್ಜೆ. ಕಾದಿರುವವರಿಗೆ ವಿಮಾನದ ವೇಗದಿಂದ ಪ್ರಯೋಜನವಿಲ್ಲ. ಬರುವ ದಿನವು ಗೊತ್ತಾದರೆ ಅವರಿಗೆ ಅರ್ಧ ದೂರ ಅಂದೇ ಕಳೆದಂತಾಗುವುದು.